ಪ್ರಯೋಗಶಾಲೆಯೂ ಸತ್ಯನಿಷ್ಠೆಯೂ

ವಿಜ್ಞಾನವನ್ನು ವಿದ್ಯಾರ್ಥಿಗಳಿಗೆ ಪುಸ್ತಕದ ಮೂಲಕ ಹೇಳಿದರೆ ಸಾಲದು, ಅವರ ಕೈಯಿಂದಲೇ ಪ್ರಯೋಗಗಳನ್ನು ಮಾಡಿಸಬೇಕು ಎಂಬ ಮಾತನ್ನು ಇಂದು ಅಲ್ಲಗಳೆಯುವವರು ವಿರಳ. ಏತಕ್ಕೆ ಮಾಡಿಸಬೇಕು ಎಂದು ಕೇಳಿದರೆ ಮಾತ್ರ ಉತ್ತರಗಳು ಹಲವಾಗುತ್ತವೆ. ಕಣ್ಣಾರೆ ಕಂಡದ್ದು ಕೇಳಿದ್ದಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿ ನಿಲ್ಲುವುದೆಂದು ಕೆಲವರು. ಕೈಗೆ ಕುಶಲತೆ ಬರುವುದೆಂದು ಕೆಲವರು. ಪಾಠದಲ್ಲಿ ಆಸಕ್ತಿ ಹುಟ್ಟುವುದೆಂದು ಮತ್ತೆ ಕೆಲವರು. ಇವೆಲ್ಲವೂ ನಿಜವೇ. ಆದರೆ ಇವುಗಳಿಗಿಂತ ಮಿಗಿಲಾದ ಪ್ರಯೋಜನವೊಂದು ಪ್ರಯೋಗಶಾಲೆಗೆ ಉಂಟು. ಅದು ಬುದ್ಧಿಗಿಂತ ಹೆಚ್ಚಾಗಿ ಶೀಲಕ್ಕೆ ಸೇರಿದ್ದು. ಕಂಡದ್ದನ್ನು ಕಂಡಂತೆ ಹೇಳುವ ಅಭ್ಯಾಸವೇ ಆ ಪ್ರಯೋಜನ. ಈ ಅಭ್ಯಾಸವನ್ನು ಕೊಡಬಲ್ಲ ಪ್ರಯೋಗಶಾಲೆಯೇ, ಅಜಾಗರೂಕತೆಯಿಂದ ನಡೆದರೆ, ಇದಕ್ಕೆ ನೇರ ವಿರುದ್ಧವಾದುದನ್ನು ಕಲಿಸೀತು. ಈ ವಿಷಯವನ್ನು ಕುರಿತು ಕೆಲವು ಮಾತುಗಳನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ನಮ್ಮ ನೈಯಾಯಿಕರು ಜ್ಞಾನಕ್ಕೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿದರು. ಶಬ್ದವೆಂದರೆ ಆಪ್ತರ ವಾಕ್ಯ. ವಿಜ್ಞಾನವೂ ಇದನ್ನು ತೊರೆದು ನಡೆಯಲಾರದು. ಭೂಮಿಗೂ ಸೂರ್ಯನಿಗೂ ಇರುವ ದೂರವನ್ನು ಪ್ರತಿಯೊಬ್ಬ ಬಾಲಕನೂ ತಾನೇ ಅಳೆದು ನಂಬಬೇಕೆಂದರೆ ಅವನ ಆಯುಷ್ಯವೆಲ್ಲ ಅದರಲ್ಲೇ ಕಳೆದುಹೋದೀತು. ಆದರೆ ಅದೇ ನೈಯಾಯಿಕರ ಪ್ರಸಿದ್ಧ ದೃಷ್ಟಾಂತವನ್ನು ಗಮನಿಸಬೇಕು. ಬೆಟ್ಟದ ಮೇಲೆ ಹೊಗೆಯನ್ನು ನೋಡಿ ಅಲ್ಲಿ ಬೆಂಕಿಯುಂಟೆಂದು ಊಹಿಸುವವನು ಅದಕ್ಕೆ ಮುಂಚೆ ಅಡಿಗೆಮನೆಯಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಒಟ್ಟಿಗೆ ಕಂಡವನು. ಆ ಒಲೆಯ ಮುಂದೆ ಒಮ್ಮೆಯೂ ನಿಲ್ಲದವನಿಗೆ ಬೆಟ್ಟದ ಹೊಗೆ ಏನನ್ನೂ ತಿಳಿಸದು. ಶಾಲೆಯ ಪ್ರಯೋಗಶಾಲೆಯು ವಿಜ್ಞಾನದ ಅಡಿಗೆಮನೆ. ಎಲ್ಲವನ್ನೂ ಅಲ್ಲಿ ಕಾಣಬೇಕಾಗಿಲ್ಲ. ಕಾಣುವುದೆಂದರೇನು, ಕಂಡದ್ದರಿಂದ ಕಾಣದ್ದಕ್ಕೆ ಹೋಗುವುದು ಹೇಗೆ ಎಂಬುದನ್ನು ಕೆಲವು ವಿಷಯಗಳಲ್ಲಾದರೂ ಸ್ವತಃ ಅರಿತವನು ಉಳಿದುದರಲ್ಲಿ ಆಪ್ತವಾಕ್ಯವನ್ನು ವಿವೇಕದಿಂದ ನಂಬಬಲ್ಲನು. ಅರಿಯದವನ ನಂಬಿಕೆ ಬರಿಯ ಒಪ್ಪಿಗೆಯಾಗುವುದು.

ಈಗ ಒಂದು ಸಾಮಾನ್ಯ ಪ್ರಯೋಗವನ್ನು ತೆಗೆದುಕೊಳ್ಳೋಣ. ನೀರು 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕುದಿಯುವುದೆಂದು ನಾವೆಲ್ಲರೂ ಓದಿರುವೆವು. ಸಮುದ್ರದ ಮಟ್ಟದಲ್ಲಿರುವ ಮಂಗಳೂರಿನಲ್ಲಿ ಈ ಮಾತು ನಿಜ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರುಗಳ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಮೆಯಾದಕಾರಣ ನೀರು ಸುಮಾರು 97 ಡಿಗ್ರಿಗಳಲ್ಲೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿಯಷ್ಟು ಕಡಮೆ. ಬೆಂಗಳೂರಿನ ಬಾಲಕನೊಬ್ಬನು ಉಷ್ಣಮಾಪಕವನ್ನು ಕುದಿಯುವ ನೀರಿನಲ್ಲಿಟ್ಟು ನೋಡುತ್ತಾನೆ. ಪಾದರಸವು 97ರಲ್ಲಿ ನಿಲ್ಲುತ್ತದೆ. ಎಷ್ಟು ಕಾಯಿಸಿದರೂ ಮೇಲೇರದು. ಅವನು ಪುಸ್ತಕವನ್ನು ನೋಡುತ್ತಾನೆ, ಪಕ್ಕದವನ ಹಾಳೆಯನ್ನು ನೋಡುತ್ತಾನೆ, ಕೊನೆಗೆ 100 ಎಂದು ಬರೆಯುತ್ತಾನೆ. ಗುರುಗಳು ಸರಿ ಎಂದು ಗುರುತು ಹಾಕುತ್ತಾರೆ. ಆ ಗಳಿಗೆಯಲ್ಲಿ ಅವನು ಕಲಿತದ್ದೇನು? ತನ್ನ ಕಣ್ಣು ಪ್ರಮಾಣವಲ್ಲವೆಂದು; ದೊಡ್ಡವರು ಬಯಸಿದ ಉತ್ತರವನ್ನು ಒಪ್ಪಿಸುವುದೇ ಜಾಣತನವೆಂದು. ಗಾಳಿಯ ಒತ್ತಡಕ್ಕೂ ಕುದಿತಕ್ಕೂ ಇರುವ ಸಂಬಂಧವನ್ನು ತಾನಾಗಿಯೇ ಪ್ರಶ್ನಿಸಿ ತಿಳಿಯಬಹುದಾಗಿದ್ದ ಸುಸಂದರ್ಭವೂ ಆ ಮೂರು ಡಿಗ್ರಿಗಳೊಡನೆಯೇ ಅಳಿಸಿಹೋಯಿತು.

ಲೋಲಕದ ಪ್ರಯೋಗವೂ ಇಂತಹುದೇ. ಬೀಳುವ ವಸ್ತುವಿನ ವೇಗೋತ್ಕರ್ಷವು ಸೆಕೆಂಡಿಗೆ ಸೆಕೆಂಡಿಗೆ 981 ಸೆಂಟಿಮೀಟರುಗಳೆಂದು ಪುಸ್ತಕಗಳು ಹೇಳುತ್ತವೆ. ಇದು ಲಂಡನ್, ಪ್ಯಾರಿಸ್ ಮೊದಲಾದ ಸ್ಥಳಗಳಿಗೆ ಸಲ್ಲುವ ಬೆಲೆ. ಭೂಮಧ್ಯರೇಖೆಗೆ ಸಮೀಪವಾಗಿಯೂ ಎತ್ತರದಲ್ಲಿಯೂ ಇರುವ ಬೆಂಗಳೂರಿನಲ್ಲಿ ಅದು ಸುಮಾರು 978. ಶಾಲೆಯ ದಾರಗುಂಡಿನಿಂದ ಇಷ್ಟು ಸೂಕ್ಷ್ಮವಾದ ಭೇದವನ್ನು ಹಿಡಿಯುವುದು ಕಷ್ಟ. ಒಬ್ಬನಿಗೆ 970 ಬರಬಹುದು, ಮತ್ತೊಬ್ಬನಿಗೆ 985. ಹೀಗಿರಲು ನಲವತ್ತು ವಿದ್ಯಾರ್ಥಿಗಳ ದಾಖಲೆ ಪುಸ್ತಕಗಳಲ್ಲಿಯೂ 981ರ ನೆರೆಯ ಸಂಖ್ಯೆಯೇ ಕಂಡುಬಂದರೆ, ಅದು ನಲವತ್ತು ಲೋಲಕಗಳ ಸಾಕ್ಷ್ಯವಲ್ಲ, ಒಂದು ಪುಸ್ತಕದ ನಲವತ್ತು ಪ್ರತಿಗಳು. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಆಂದೋಲನದ ಕಾಲವನ್ನು ತುಂಬುವ ವಿದ್ಯೆಯನ್ನು ಬಲ್ಲ ವಿದ್ಯಾರ್ಥಿಗಳು ಎಲ್ಲ ಕಾಲದಲ್ಲಿಯೂ ಇದ್ದಾರೆ. ಅವರನ್ನು ನಿಂದಿಸುವುದು ಸುಲಭ. ಆದರೆ ಸಂಖ್ಯೆಗೆ ಅಂಕವನ್ನು ಕೊಟ್ಟು ಸತ್ಯಕ್ಕೆ ಕೊಡದ ಪರೀಕ್ಷೆಯೇ ಈ ವ್ಯಾಪಾರದಲ್ಲಿ ಮೊದಲನೆಯ ಪಾಲುದಾರ.

ಪುಸ್ತಕಕ್ಕೆ ಹೊಂದದ ಅಳತೆಯನ್ನು ಬಿಟ್ಟುಕೊಡದೆ ಹಿಡಿದವರಿಂದ ವಿಜ್ಞಾನಕ್ಕಾದ ಲಾಭವನ್ನು ತಿಳಿಯಲು ರೇಲಿ ಪ್ರಭುವಿನ ಕಥೆಯನ್ನು ನೆನೆಯಬೇಕು. ಆತನು ಇಂಗ್ಲೆಂಡಿನಲ್ಲಿ ವಾಯುಗಳ ಸಾಂದ್ರತೆಯನ್ನು ತೂಗಿ ನೋಡುತ್ತಿದ್ದನು. ಗಾಳಿಯಿಂದ ಪಡೆದ ಸಾರಜನಕವು ಲೀಟರಿಗೆ ಸುಮಾರು 1.257 ಗ್ರಾಂ ತೂಗಿತು. ರಾಸಾಯನಿಕ ವಸ್ತುಗಳಿಂದ ಪಡೆದದ್ದು ಸುಮಾರು 1.251 ಗ್ರಾಂ ಮಾತ್ರ. ವ್ಯತ್ಯಾಸವು ಇನ್ನೂರರಲ್ಲಿ ಒಂದು ಪಾಲು. ಕೈತಪ್ಪೆಂದು ತಳ್ಳಿಹಾಕಲು ಇದಕ್ಕಿಂತ ಅನುಕೂಲವಾದ ಸಂಖ್ಯೆ ಬೇಕೆ? ರೇಲಿ ತಳ್ಳಿಹಾಕಲಿಲ್ಲ. ಮತ್ತೆ ಮತ್ತೆ ತೂಗಿದನು. 1892ರಲ್ಲಿ ತನಗೆ ಅರ್ಥವಾಗದ ಈ ಭೇದವನ್ನು ಮುಚ್ಚಿಡದೆ ಪತ್ರಿಕೆಯಲ್ಲಿ ಪ್ರಕಟಿಸಿ, ಕಾರಣವನ್ನು ಸೂಚಿಸಬೇಕೆಂದು ರಸಾಯನಜ್ಞರನ್ನು ಕೇಳಿಕೊಂಡನು. ವಿಲಿಯಂ ರಾಮ್ಸೆ ಅವನೊಡಗೂಡಿದನು. 1894ರಲ್ಲಿ, ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿನಷ್ಟಿದ್ದರೂ ಅದುವರೆಗೆ ಯಾರೂ ಅರಿಯದಿದ್ದ ಆರ್ಗಾನ್ ಎಂಬ ಮೂಲವಸ್ತುವು ಬೆಳಕಿಗೆ ಬಂದಿತು. 1904ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಇನ್ನೊಂದು ವಿಶೇಷ: 1785ರಷ್ಟು ಹಿಂದೆಯೇ ಹೆನ್ರಿ ಕ್ಯಾವೆಂಡಿಷನು ಇಂತಹುದೇ ಪರೀಕ್ಷೆಯಲ್ಲಿ, ಸಾರಜನಕದ 120ರಲ್ಲಿ ಒಂದು ಪಾಲಿಗೆ ಮೀರದ ಸಣ್ಣ ಗುಳ್ಳೆಯೊಂದು ಏನು ಮಾಡಿದರೂ ಕರಗದೆ ಉಳಿಯಿತೆಂದು ಬರೆದಿಟ್ಟಿದ್ದನು. ಅದೇನೆಂದು ಅವನಿಗೆ ತಿಳಿಯಲಿಲ್ಲ. ಬರೆಯುವುದನ್ನು ಮಾತ್ರ ಬಿಡಲಿಲ್ಲ. ನೂರು ವರ್ಷಗಳ ಮೇಲೆ ಆ ಪ್ರಾಮಾಣಿಕವಾದ ಸಾಲು ಸಾಕ್ಷಿಯಾಗಿ ನಿಂತಿತು.

ಹಿರಿಯರೂ ಈ ಕಟ್ಟನ್ನು ಸದಾ ಪಾಲಿಸಿದರೆಂದು ಹೇಳುವಂತಿಲ್ಲ. ಎಲೆಕ್ಟ್ರಾನಿನ ವಿದ್ಯುದಂಶವನ್ನು ಎಣ್ಣೆಯ ಹನಿಗಳಿಂದ ಅಳೆದ ಅಮೆರಿಕದ ಮಿಲಿಕನ್ನನು 1913ರ ಲೇಖನದಲ್ಲಿ 58 ಹನಿಗಳ ಅಳತೆಗಳನ್ನು ಕೊಟ್ಟು, ಇವು ಆರಿಸಿ ತೆಗೆದವಲ್ಲವೆಂದು ಹೇಳಿದನು. ಅವನ ಟಿಪ್ಪಣಿ ಪುಸ್ತಕಗಳಲ್ಲಿ ಬಿಟ್ಟುಬಿಟ್ಟ ಹನಿಗಳು ಇನ್ನೂ ಅನೇಕವಿದ್ದುವೆಂದು ಜೆರಾಲ್ಡ್ ಹೋಲ್ಟನ್ ಎಂಬ ಇತಿಹಾಸಕಾರರು 1978ರಲ್ಲಿ ತೋರಿಸಿದರು. ಅವುಗಳಲ್ಲಿ ಹಲವನ್ನು ಬಿಡಲು ಯೋಗ್ಯವಾದ ಕಾರಣಗಳಿದ್ದುವೆಂದು ವಾದಿಸುವವರೂ ಉಂಟು. ಹಾಗಿದ್ದಲ್ಲಿ ಆ ಕಾರಣಗಳನ್ನು ಹೇಳಿಬಿಡಬಹುದಾಗಿತ್ತು. ಗಾಳಿಯ ಸ್ನಿಗ್ಧತೆಯ ತಪ್ಪು ಬೆಲೆಯನ್ನು ಹಿಡಿದುದರಿಂದ ಅವನ ಉತ್ತರವು ನಿಜಕ್ಕಿಂತ ಸ್ವಲ್ಪ ಕಡಮೆಯಾಗಿತ್ತು. ಅನಂತರ ಅಳೆದವರ ಬೆಲೆಗಳು ಒಮ್ಮೆಗೇ ಸರಿಯಾದ ಸಂಖ್ಯೆಯನ್ನು ಮುಟ್ಟದೆ ಮೆಲ್ಲಮೆಲ್ಲನೆ ಮೇಲೇರಿದುವೆಂದು ರಿಚರ್ಡ್ ಫೈನ್‌ಮನ್ 1974ರ ಭಾಷಣವೊಂದರಲ್ಲಿ ಎತ್ತಿ ತೋರಿಸಿದನು. ಪ್ರಸಿದ್ಧನ ಸಂಖ್ಯೆಗೆ ದೂರವಾದ ಅಳತೆಯಲ್ಲಿ ತಪ್ಪನ್ನು ಹುಡುಕಿದರು. ಹತ್ತಿರವಾದುದನ್ನು ಅಷ್ಟಾಗಿ ಶೋಧಿಸಲಿಲ್ಲ ಎಂಬುದು ಅವನ ಅಭಿಪ್ರಾಯ. 97ನ್ನು 100 ಮಾಡಿದ ಬಾಲಕನಿಗೂ ಇವರಿಗೂ ಇರುವ ಅಂತರವು ನಾವು ಬಯಸುವಷ್ಟು ದೊಡ್ಡದಲ್ಲ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಬಂದ ಸಂಖ್ಯೆಯನ್ನೆಲ್ಲ ಗೌರವಿಸಿದರೆ ಅಜಾಗ್ರತೆಗೆ ಪ್ರೋತ್ಸಾಹ ಕೊಟ್ಟಂತಾಗದೆ? ಕೊಳೆಯ ಪಾತ್ರೆ, ಸಡಿಲವಾದ ಗಂಟು, ಓರೆಯಾದ ನೋಟ ಇವುಗಳಿಂದ ಹುಟ್ಟಿದ ತಪ್ಪನ್ನೂ ಸತ್ಯವೆನ್ನಬೇಕೆ? ಬೇಕಾಗಿಲ್ಲ. ದೋಷವೇ ಬೇರೆ, ಅನೃತವೇ ಬೇರೆ. ದೋಷವು ಅಳತೆಯಲ್ಲಿರುವುದು, ಅನೃತವು ಅಳೆದವನಲ್ಲಿ. ಅಳತೆಯ ದೋಷವನ್ನು ಮತ್ತೊಂದು ಅಳತೆಯಿಂದ ಹುಡುಕಿ ತಿದ್ದಬಹುದು. ಆದರೆ ಮರೆಮಾಚಿದ ದೋಷವನ್ನು ತಿದ್ದಲು ದಾರಿಯೇ ಇಲ್ಲ. ಆದುದರಿಂದ ಪ್ರಯೋಗಿಯ ಧರ್ಮ ಎರಡು ಬಗೆ: ಬಂದುದನ್ನು ಬರೆಯುವುದು, ಬರೆದು ಸುಮ್ಮನಿರದೆ ಏಕೆ ಬಂತೆಂದು ವಿಚಾರಿಸುವುದು. ಮೊದಲನೆಯದು ಮಾತ್ರ ಇದ್ದರೆ ಅದು ಆಲಸ್ಯಕ್ಕೆ ಎಡೆಗೊಡುವುದು. ಎರಡನೆಯದಕ್ಕೆ ಮೊದಲನೆಯದು ಇಲ್ಲದೆ ನೆಲೆಯೇ ಇರದು.

ಇನ್ನು ಕೆಲವರು ಬಡತನವನ್ನು ಮುಂದೊಡ್ಡುವರು. ಉಪಕರಣಗಳಿಲ್ಲದ ಹಳ್ಳಿಯ ಶಾಲೆಯಲ್ಲಿ ಪ್ರಯೋಗವೆಲ್ಲಿಂದ ಬರಬೇಕು? ಮಧ್ಯಪ್ರದೇಶದಲ್ಲಿ, ಈಗ ನರ್ಮದಾಪುರಂ ಎನಿಸಿಕೊಂಡಿರುವ ಹೋಶಂಗಾಬಾದ್ ಜಿಲ್ಲೆಯಲ್ಲಿ, 1972ರಲ್ಲಿ 16 ಗ್ರಾಮೀಣ ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಬೋಧನೆಯ ಪ್ರಯತ್ನವು ಇದಕ್ಕೆ ಉತ್ತರ. ಅಲ್ಲಿ ಅಗ್ಗದ ಸಾಮಗ್ರಿಗಳಿಂದ ಮಕ್ಕಳೇ ಗುಂಪುಗೂಡಿ ಪ್ರಯೋಗಗಳನ್ನು ಮಾಡಿದರು. ಅವರ ಪುಸ್ತಕದಲ್ಲಿ ಪ್ರಶ್ನೆಗಳಿದ್ದುವು, ಸಿದ್ಧವಾದ ಉತ್ತರಗಳಿರಲಿಲ್ಲ. ಪರೀಕ್ಷೆಗೆ ಪುಸ್ತಕವನ್ನು ತೆರೆದಿಟ್ಟುಕೊಂಡೇ ಕೂರಬಹುದಾಗಿತ್ತು. ನಕಲು ಮಾಡಲು ಉತ್ತರವೇ ಇಲ್ಲದಿರುವಾಗ, ಕಂಡದ್ದನ್ನು ಬಿಟ್ಟು ಬೇರೇನನ್ನು ಬರೆಯುವುದು? 1978ರಲ್ಲಿ ಇದು ಆ ಜಿಲ್ಲೆಯ ಮಾಧ್ಯಮಿಕ ಶಾಲೆಗಳಿಗೆಲ್ಲ ಹರಡಿತು. 2002ರಲ್ಲಿ ರಾಜ್ಯ ಸರ್ಕಾರವು ಇದನ್ನು ನಿಲ್ಲಿಸಿತು. ನಿಂತುಹೋದರೂ ಮೂವತ್ತು ವರ್ಷ ನಡೆದುದು ಅಸಾಧ್ಯವಾಗಿರಲಿಲ್ಲವೆಂಬುದಂತೂ ಸ್ಪಷ್ಟ.

ಹಾಗಾದರೆ ಮಾಡಬೇಕಾದುದೇನು? ಇಪ್ಪತ್ತು ಪ್ರಯೋಗಗಳನ್ನು ಅವಸರದಿಂದ ಮುಗಿಸುವುದರ ಬದಲು ಆರನ್ನು ನಿಧಾನವಾಗಿ ಮಾಡಿಸಲಿ. ಅವುಗಳಲ್ಲಿ ಎರಡಾದರೂ ಗುರುಗಳಿಗೂ ಮುಂಚಿತವಾಗಿ ಉತ್ತರ ತಿಳಿಯದವು ಆಗಿರಲಿ: ಊರಿನ ಬಾವಿಯ ನೀರಿನಲ್ಲಿ ಎಷ್ಟು ಉಪ್ಪಿದೆ, ಶಾಲೆಯ ಕಂಬದ ನೆರಳು ಯಾವ ಗಳಿಗೆಯಲ್ಲಿ ಅತ್ಯಂತ ಚಿಕ್ಕದಾಗುತ್ತದೆ ಎಂಬಂತಹವು. ಹೊಂದದ ಅಳತೆಯನ್ನು ಬರೆದು ಕಾರಣವನ್ನು ಹುಡುಕಿದವನಿಗೆ, ಹೊಂದಿದ ಅಳತೆಯನ್ನು ಬರೆದವನಿಗಿಂತ ಕಡಮೆ ಅಂಕ ಬಾರದಿರಲಿ. ಹೊಡೆದುಹಾಕಿದ ಸಂಖ್ಯೆಯೂ ಓದಲು ಬರುವಂತೆ ಉಳಿಯಲಿ. ಅಂದವಾದ ದಾಖಲೆ ಪುಸ್ತಕಕ್ಕಿಂತ ನಿಜವಾದ ದಾಖಲೆ ಪುಸ್ತಕ ಮೇಲು.

ಈ ಕೆಲಸ ಗುರುಗಳದ್ದು ಮಾತ್ರವಲ್ಲ. ಶಾಲೆಯಿಂದ ಬಂದ ಮಗುವನ್ನು ಉತ್ತರ ಸರಿ ಬಂತೆ ಎಂದು ನಾವು ಕೇಳುತ್ತೇವೆ. ಏನನ್ನು ಕಂಡೆ ಎಂದು ಕೇಳುವುದು ಅಪರೂಪ. ಈ ಎರಡು ಪ್ರಶ್ನೆಗಳು ಎರಡು ಬಗೆಯ ಮನುಷ್ಯರನ್ನು ಬೆಳೆಸುತ್ತವೆ. ಮುಂದೆ ಅದೇ ಮಗು ವೈದ್ಯನಾಗಿ ರೋಗಿಯ ಪರೀಕ್ಷೆಯ ಫಲವನ್ನು ಬರೆಯುವುದು, ಶಿಲ್ಪಿಯಾಗಿ ಸೇತುವೆಯ ಬಲವನ್ನು ಅಳೆಯುವುದು, ಅಧಿಕಾರಿಯಾಗಿ ಬರಗಾಲದ ಲೆಕ್ಕವನ್ನು ಮೇಲಕ್ಕೆ ಕಳುಹಿಸುವುದು. ಮೇಲಿನವರು ಬಯಸುವ ಸಂಖ್ಯೆ ಒಂದು, ಕಣ್ಣಿಗೆ ಕಂಡದ್ದು ಇನ್ನೊಂದು ಆದ ದಿನ ಅದು ಯಾವುದನ್ನು ಬರೆಯುವುದೆಂಬುದು ಬಹುಮಟ್ಟಿಗೆ ಇಂದು ಆ ಕುದಿಯುವ ನೀರಿನ ಮುಂದೆಯೇ ನಿಶ್ಚಯವಾಗುತ್ತಿದೆ.