ಮಾತ್ರೆಯ ನಿದ್ದೆ ಮತ್ತು ಸುಷುಪ್ತಿ

ಕನಸಿಲ್ಲದ ಗಾಢನಿದ್ದೆಯಾದ ಸುಷುಪ್ತಿಯನ್ನು ಅದ್ವೈತಿಗಳು ಸಾಕ್ಷಿಚೈತನ್ಯಕ್ಕೆ, ಅಂದರೆ ಎಲ್ಲ ಸ್ಥಿತಿಗಳನ್ನೂ ಸುಮ್ಮನೆ ನೋಡುತ್ತಿರುವ ಅರಿವಿಗೆ, ಪುರಾವೆಯಾಗಿ ತೋರಿಸುತ್ತಾರೆ. ಎದ್ದವನು ತಾನು ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ ಎನ್ನುತ್ತಾನೆ. ಅದು ನೆನಪು, ಅನುಭವವಿಲ್ಲದೆ ನೆನಪಿಲ್ಲ ಎಂಬುದು ಅವರ ವಾದ. ನ್ಯಾಯದರ್ಶನದವರಾದ ನೈಯಾಯಿಕರು ಒಪ್ಪುವುದಿಲ್ಲ: ಅದು ಎದ್ದ ಮೇಲೆ ಮಾಡಿಕೊಂಡ ಅನುಮಾನವಷ್ಟೆ.

ನಿದ್ರಾಹೀನತೆಯ ಮಾತ್ರೆಗಳು ಈ ಹಳೆಯ ಜಗಳವನ್ನು ಮತ್ತೆ ಕೆದಕುತ್ತವೆ. ಡಯಾಜೆಪಾಮ್‌ನಂಥವು ಬೇಗ ನಿದ್ದೆ ಬರಿಸಿದರೂ ಅದರ ಗಾಢ ಹಂತವನ್ನೇ ಕಡಿಮೆ ಮಾಡುತ್ತವೆ; ಹೊಸ ನೆನಪು ಅಚ್ಚಾಗುವುದಕ್ಕೂ ಅಡ್ಡಿಯಾಗುತ್ತವೆ. ಝೋಲ್ಪಿಡೆಮ್ ಎಂಬ ಇನ್ನೊಂದು ನಿದ್ದೆಮಾತ್ರೆ ನುಂಗಿದ ಕೆಲವರು ರಾತ್ರಿ ಎದ್ದು ಉಂಡು, ಕಾರನ್ನೂ ಓಡಿಸಿ, ಬೆಳಿಗ್ಗೆ ಏನೂ ಗೊತ್ತಿಲ್ಲವೆಂದಿದ್ದಾರೆ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕಾಗಿಯೇ ತೀವ್ರ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿತು. ಬೆಳಗಿನ ಹೇಳಿಕೆ ರಾತ್ರಿಯ ಸ್ಥಿತಿಗೆ ನಂಬಿಕಸ್ಥ ಸಾಕ್ಷಿಯಲ್ಲ ಎಂದಾಯಿತು. ಇಲ್ಲಿ ನೈಯಾಯಿಕರ ಕೈ ಮೇಲು. ಮಾತ್ರೆ ಅಳಿಸುವುದು ಅಂತಃಕರಣದ ಸಂಸ್ಕಾರವನ್ನು, ಅಂದರೆ ಮನಸ್ಸಿನಲ್ಲಿ ಉಳಿಯುವ ಅಚ್ಚನ್ನು, ಸಾಕ್ಷಿಯನ್ನಲ್ಲ ಎಂದು ಅದ್ವೈತಿ ಹೇಳಬಹುದು. ಆದರೆ ಆಗ ನೆನಪನ್ನು ಪುರಾವೆಯಾಗಿ ಮುಂದಿಡುವ ದಾರಿ ಕಿರಿದಾಗುತ್ತದೆ.

ಮಾತ್ರೆ ನುಂಗುವುದು ಧರ್ಮಕ್ಕೆ ವಿರುದ್ಧವೇ ಎಂಬ ಪ್ರಶ್ನೆ ಇಷ್ಟು ಕಠಿಣವಲ್ಲ. ಚರಕಸಂಹಿತೆ ನಿದ್ದೆಯನ್ನು ದೇಹದ ಮೂರು ಉಪಸ್ತಂಭಗಳಲ್ಲಿ ಒಂದೆಂದು ಎಣಿಸುತ್ತದೆ. ಅದನ್ನು ಉಳಿಸಿಕೊಳ್ಳುವುದು ದೋಷವಾಗದು. ಇಂದಿನ ವೈದ್ಯರು ಮೊದಲು ಸೂಚಿಸುವುದು ಮಲಗುವ ಅಭ್ಯಾಸ, ಯೋಚನೆಗಳನ್ನು ತಿದ್ದುವ ಚಿಕಿತ್ಸೆಯನ್ನು. ಮಾತ್ರೆ ಬೇಕಾದರೆ ಕಡಿಮೆ ಪ್ರಮಾಣ, ಕೆಲವೇ ವಾರ, ಮದ್ಯದ ಜೊತೆ ಎಂದೂ ಅಲ್ಲ. ಬಹುಕಾಲ ನುಂಗಿದವರು ವೈದ್ಯರ ಸಲಹೆಯಂತೆ ಹಂತಹಂತವಾಗಿ ಬಿಡಬೇಕು.