ತೋರಿಸುವವರು, ನೋಡುವವರು

ನಾನು ಹೋಗುವ ಜಿಮ್‌ಗೆ ಅರವತ್ತರ ಹತ್ತಿರದ ಮಹಿಳೆಯೊಬ್ಬರು ಹೊಸದಾಗಿ ಸೇರಿದ್ದರು. ಸ್ಕ್ವಾಟ್ ಮಾಡಲು ಹೋದರೆ ಹಿಮ್ಮಡಿ ಮೇಲೇಳುತ್ತಿತ್ತು, ಬೆನ್ನು ಮುಂದಕ್ಕೆ ಬಾಗುತ್ತಿತ್ತು. ತರಬೇತುದಾರ ಎದುರಿಗೆ ನಿಂತು ಹತ್ತು ಸಲ ಸೊಗಸಾಗಿ ಕೂತೆದ್ದು, "ಬೆನ್ನು ನೆಟ್ಟಗೆ ಇಟ್ಕೊಳ್ಳಿ ಆಂಟಿ, ಹೀಗೆ" ಎಂದ. ಮರುದಿನ ಬಂದ ಇನ್ನೊಬ್ಬ ಹುಡುಗ ಏನನ್ನೂ ಮಾಡಿ ತೋರಿಸಲಿಲ್ಲ. ಅವರ ಕಾಲ ಬಳಿ ನೆಲದ ಮೇಲೆ ಕೂತು ಹಿಮ್ಮಡಿಯನ್ನೇ ನೋಡಿದ. "ಅಮ್ಮ, ನಿಮಗೆ ಏನು ಮಾಡೋಕೆ ಆಗಬೇಕು?" ಎಂದು ಕೇಳಿದ. "ನೆಲಕ್ಕೆ ಕೂತು ರಂಗೋಲಿ ಹಾಕಬೇಕಪ್ಪ" ಎಂದರು. ಅವನು ಎತ್ತರದ ಬೆಂಚೊಂದನ್ನು ಅವರ ಹಿಂದೆ ತಂದಿಟ್ಟು, "ಸದ್ಯಕ್ಕೆ ಇದರ ಮೇಲೆ ಕೂತು ಏಳಿ, ಸಾಕು" ಎಂದ.

ಒಳ್ಳೆಯ ತರಬೇತುದಾರ ಯಾರು ಎಂಬ ಪ್ರಶ್ನೆಗೆ ನನಗೆ ಅಲ್ಲಿ ಉತ್ತರ ಸಿಕ್ಕಿತು. ಮೊದಲನೆಯವನಿಗೆ ಸ್ಕ್ವಾಟ್ ಗೊತ್ತಿತ್ತು. ಎರಡನೆಯವನಿಗೆ ಆ ಹೆಂಗಸು ಕಂಡರು. ಕಣಕಾಲಿನ ಗಂಟು ಬಿಗಿದಿದ್ದರೆ ಮೊಣಕಾಲು ಮುಂದೆ ಹೋಗದು. ಆಗ ಹಿಮ್ಮಡಿ ಏಳುತ್ತದೆ, ಇಲ್ಲವೇ ಬೆನ್ನು ಬಾಗುತ್ತದೆ. ತಪ್ಪು ಕಾಣುವುದು ಬೆನ್ನಿನಲ್ಲಿ, ಅದರ ಬೇರು ಇರುವುದು ಪಾದದ ಬಳಿ. ಕೂತು ನೋಡದವನಿಗೆ ಅದು ತಿಳಿಯುವುದಿಲ್ಲ.

ತರಬೇತುದಾರನಿಗೆ ದೊಡ್ಡ ಅಡ್ಡಿ ಅವನ ಚೆಂದದ ಮೈಯೇ ಎಂದು ನನಗನಿಸುತ್ತದೆ. ತನಗೆ ಸುಲಭವಾದದ್ದು ಎಲ್ಲರಿಗೂ ಸುಲಭ ಎಂದು ಅದು ಅವನನ್ನು ನಂಬಿಸುತ್ತದೆ. ನಾವೂ ಅದಕ್ಕೇ ಮರುಳಾಗುತ್ತೇವೆ: ತೋಳು ನೋಡಿ ಗುರುವನ್ನು ಆರಿಸುತ್ತೇವೆ, ಮರುದಿನದ ಮೈಕೈ ನೋವಿನಿಂದ ಪಾಠವನ್ನು ಅಳೆಯುತ್ತೇವೆ. ಆದರೆ ಆ ನೋವು ಹೇಳುವುದು ಇಷ್ಟೇ: ಸ್ನಾಯುವಿಗೆ ರೂಢಿಯಿಲ್ಲದ ಕೆಲಸ ಬಿತ್ತು. ಶಕ್ತಿ ಬಂತು ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಹಾಗಾದರೆ ಮೈ ದಂಡಿಸಲೇಬಾರದೇ? ದಂಡಿಸಬೇಕು. ಭಾರ ಏರದೆ ಬಲ ಏರದು. ಸದಾ ಹಗುರ ಕೆಲಸ ಕೊಟ್ಟು ಬೆನ್ನು ತಟ್ಟುವವನೂ ಶಿಷ್ಯರನ್ನು ನೋಡದವನೇ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಕಟ್ಟುನಿಟ್ಟಿಗೆ ಹೆಸರಾದ ಯೋಗಗುರು, ಮೃದು ಮಾತಿನವರೇನಲ್ಲ. ಆದರೂ ಬಗ್ಗದ ಮೈಗೆ ಪಟ್ಟಿ, ಮರದ ಇಟ್ಟಿಗೆ, ಗೋಡೆಯ ಹಗ್ಗ, ಕುರ್ಚಿ ಕೊಟ್ಟು ಆಸನವನ್ನೇ ಅದರ ಹತ್ತಿರಕ್ಕೆ ತಂದರು. ಬಾಲ್ಯದಲ್ಲಿ ಕ್ಷಯ, ಟೈಫಾಯ್ಡ್‌ಗಳಿಂದ ಸೊರಗಿದ್ದವರು ಅವರು. ಮೈ ಮಾತು ಕೇಳದಿರುವುದು ಏನೆಂದು ಬಲ್ಲವರು. ನೋಡಿ ತಿಳಿದವರ ಬಿಗಿಯಲ್ಲಿ ಅಳತೆಯಿರುತ್ತದೆ. ನೋಡದವರ ಬಿಗಿ ಬರೀ ಜೋರು.

ಓದು, ಸರ್ಟಿಫಿಕೇಟು ಬೇಡವೆನ್ನುತ್ತಿಲ್ಲ. ಅಂಗರಚನೆ ಓದದಿದ್ದರೆ ಆ ಹುಡುಗನಿಗೆ ಹಿಮ್ಮಡಿಯ ಭಾಷೆ ಅರ್ಥವಾಗುತ್ತಿರಲಿಲ್ಲ. ಆದರೆ ಪುಸ್ತಕ ಹೇಳುವುದು ಎಲ್ಲರ ದೇಹದ ಮಾತು. ಎದುರಿಗೆ ನಿಂತಿರುವುದು ಒಬ್ಬರ ದೇಹ, ಅವರದೇ ಭಯ, ಅವರದೇ ಆಸೆ. ಎರಡನ್ನೂ ಕೂಡಿಸುವುದು ಗಮನ. ಆ ಗಮನವೇ ಗೌರವ ಕೂಡ: ನಿಮ್ಮ ಮೈ ಯಾವ ಕೆಲಸಕ್ಕೆ ಬೇಕೆಂದು ತೀರ್ಮಾನಿಸುವವರು ನೀವು ಎಂದು ಅದು ಒಪ್ಪಿಕೊಳ್ಳುತ್ತದೆ.

ಬೆಂಚು ತಿಂಗಳಿಂದ ತಿಂಗಳಿಗೆ ತಗ್ಗಾಯಿತು. ಕೈಗೆ ಡಂಬಲ್ ಬಂತು. ಮೊನ್ನೆ ಆಕೆ ಕುಕ್ಕರಗಾಲಲ್ಲಿ ಕೂತರು. ಹುಡುಗ ಆಗಲೂ ಅವರ ಹಿಮ್ಮಡಿಯನ್ನೇ ನೋಡುತ್ತಿದ್ದ. ಅದು ನೆಲ ಬಿಡಲಿಲ್ಲ.