ಇಂದಿನ ಚಿಂತನೆ: ಒಂದು ಹಲ್ಲು, ಒಂದು ಹೆಸರು

 

ಬೆಳಗಾವಿ ಜಿಲ್ಲೆಯ ಗೋಕಾಕದ ಸುತ್ತ ಒಂದು ಕಾಲಕ್ಕೆ ಘೇಂಡಾಮೃಗ ಓಡಾಡುತ್ತಿತ್ತು. ಅಲ್ಲಿ ಸಿಕ್ಕ ಪಳೆಯುಳಿಕೆಗಳನ್ನು ಪರಿಶೀಲಿಸಿ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಅದಕ್ಕೆ 'ರೈನೋಸೆರಾಸ್ ಡೆಕ್ಕನೆನ್ಸಿಸ್', ಅಂದರೆ ದಖ್ಖನಿನ ಘೇಂಡಾ ಎಂದು ಹೆಸರಿಟ್ಟರು. ಇವತ್ತು ನಮ್ಮ ಮಕ್ಕಳು ಘೇಂಡಾ ನೋಡಬೇಕಾದರೆ ಮೃಗಾಲಯಕ್ಕೇ ಹೋಗಬೇಕು.

ಮೆಕ್ಸಿಕೋದಲ್ಲಿ ಇನ್ನೂ ವಿಚಿತ್ರ. ಅಲ್ಲಿನ 'ಓಯೋ ನೆಗ್ರೋ' ಎಂಬ ಗವಿ ಹಿಮಯುಗದಲ್ಲಿ ಒಣಗಿತ್ತು. ಕತ್ತಲಲ್ಲಿ ಪ್ರಾಣಿಗಳು ಅದರ ಆಳದ ಹೊಂಡಕ್ಕೆ ಬಿದ್ದು ಸತ್ತವು. ಆಮೇಲೆ ಸಮುದ್ರ ಏರಿ ಗವಿ ಮುಳುಗಿತು. 2007ರಲ್ಲಿ ಮುಳುಗುಗಾರರ ಕಣ್ಣಿಗೆ ಬಿದ್ದ ಆ ಮೂಳೆಗಳಲ್ಲಿ ಒಂದು ಕರಡಿಯದು. ಅದು ದಕ್ಷಿಣ ಅಮೆರಿಕದಲ್ಲಿ ಮಾತ್ರ ಇತ್ತೆಂದು ನಂಬಿದ್ದ, ಈಗ ಅಳಿದುಹೋಗಿರುವ ಜಾತಿಯೆಂದು 2019ರಲ್ಲಿ ಪ್ರಕಟವಾಯಿತು. ಅದೇ ಹೊಂಡದಲ್ಲಿ ಹದಿಹರೆಯದ ಒಬ್ಬ ಹುಡುಗಿಯ ಅಸ್ಥಿಯೂ ಇತ್ತು. ಸುಮಾರು 12,000 ವರ್ಷಕ್ಕಿಂತ ಹಳೆಯದು.

ಚೂರು ಮೂಳೆಯಿಂದ ಇಡೀ ಪ್ರಾಣಿಯನ್ನು ಹೇಳುವುದು ಹೇಗೆ? ತಿಪಟೂರು ಸೀಮೆಯವರಿಗೆ ಇದು ತೀರಾ ಹೊಸದಲ್ಲ. ಅಟ್ಟದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳುವವರು ನಾವು. ಅನುಮಾನ ಬಂದರೆ ಒಡೆದು ನೋಡುತ್ತೇವೆ. ಅವರಿಗೆ ಆ ಸೌಲಭ್ಯವಿಲ್ಲ ಅಷ್ಟೆ. ಅವರಿಗೆ ಹೆಚ್ಚು ನೆರವಾಗುವುದು ಹಲ್ಲು. ದೇಹದಲ್ಲಿ ಅದರ ಎನಾಮಲ್‌ಗಿಂತ ಗಟ್ಟಿಯಾದದ್ದಿಲ್ಲ, ಹಾಗಾಗಿ ಕೊನೆಗೆ ಉಳಿಯುತ್ತದೆ. ಅಗಿಯುವ ಮೈಯ ಏಣು, ತಗ್ಗು, ಸವೆತ ನೋಡಿ ಯಾವ ಗುಂಪಿನದು, ಹುಲ್ಲು ಮೇಯುತ್ತಿತ್ತೋ ಚಿಗುರು ತಿನ್ನುತ್ತಿತ್ತೋ ಎಂದು ತರ್ಕಿಸುತ್ತಾರೆ.

ನಾಗಸೇನರು ಮಿಲಿಂದ ರಾಜನಿಗೆ ಕೇಳಿದ್ದು ನೆನಪಾಗುತ್ತದೆ: ಚಕ್ರ ರಥವೇ, ಅಚ್ಚು ರಥವೇ? ಭಾಗಗಳೆಲ್ಲ ಕೂಡಿದಾಗ ವ್ಯವಹಾರಕ್ಕೆ ಇಟ್ಟ ಹೆಸರು ರಥ. ಇಲ್ಲಿ ಕೂಟವೇ ಕಳಚಿಹೋಗಿದೆ, ಹೆಸರು ಮಾತ್ರ ಈಗ ಬಂದಿದೆ. ಆ ಹೆಸರಿನಿಂದ ಸತ್ತ ಪ್ರಾಣಿಗೆ ಏನಾಗಬೇಕಿದೆ? ಕರಣೀಯ ಮೆತ್ತ ಸುತ್ತ ನಮ್ಮ ಮೈತ್ರಿಯನ್ನು ಕಣ್ಣಿಗೆ ಕಾಣುವ ಜೀವಿಯಿಂದ ಹಿಡಿದು ಇನ್ನೂ ಹುಟ್ಟಬೇಕಾದ ಜೀವಿಯವರೆಗೆ ಹರಡುತ್ತದೆ. ಅಳಿದ ಜಾತಿಯ ಮಾತು ಅಲ್ಲಿಲ್ಲ. ಇದು ಕೊರತೆಯಲ್ಲ ಎಂದೇ ನನ್ನ ಅನಿಸಿಕೆ. ಮೈತ್ರಿ ತಲುಪಲು ಅತ್ತ ಕಡೆ ಯಾರಾದರೂ ಇರಬೇಕಲ್ಲ.

ಇತ್ತ ಕಡೆ ಇರುವವರ ವಿಷಯಕ್ಕೆ ಬರೋಣ. ತೋಟದಲ್ಲಿ ಚಿರತೆ ಕಂಡರೆ ಬೋನು ಇಡಿಸುತ್ತೇವೆ. ಕರು ಕಳೆದುಕೊಂಡ ಮನೆಯವರಿಗೆ ಅಹಿಂಸೆಯ ಪಾಠ ಹೇಳುವ ಧೈರ್ಯ ನನಗಿಲ್ಲ. ಆದರೆ ನಮ್ಮ ಮಾತಿನಲ್ಲಿ ಅದಕ್ಕೂ, ಗುಡ್ಡದ ಕರಡಿಗೂ 'ಕಾಟ' ಎಂಬ ಒಂದೇ ಹೆಸರು ಉಳಿದಿದೆ. ಎಂಟನೇ ತರಗತಿಯಲ್ಲಿ ಕರಡಿ ಏನು ತಿನ್ನುತ್ತದೆ ಎಂದು ಕೇಳಿದೆ. "ಮನುಷ್ಯರನ್ನ" ಎಂದರು ಮಕ್ಕಳು. ಗೆದ್ದಲು, ಇರುವೆ, ಜೇನು, ಅತ್ತಿಹಣ್ಣು ಎಂದು ಬೋರ್ಡಿನ ಮೇಲೆ ಬರೆದೆ. ಗೆದ್ದಲು ಎಂಬುದನ್ನು ಯಾರೂ ನಂಬಲಿಲ್ಲ.

ಭವತು ಸಬ್ಬ ಮಂಗಲಂ 🙏